ಅಲೆಯಂಚಿನಲ್ಲಿ ನಿಂತು ಸ್ಟ್ರೈಪ್ಡ್ ಬಾಸ್ ಹಿಡಿಯುವುದು ಹೇಗೆ?

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಗಾಳ ಹೊಸತಲ್ಲ. ಅಳಿವೆಯ ಬಂಡೆ ಮೇಲೆ ಕೂತು, ಸಿಗಡಿ ಚುಚ್ಚಿ ಗಾಳ ಬಿಟ್ಟವರೇ ನಾವು. ಅಮೆರಿಕದ ಪೂರ್ವ ಕರಾವಳಿಗೆ ಬಂದ ಮೇಲೆ ಅದೇ ಹುಚ್ಚು ಇನ್ನೊಂದು ಮೀನಿನ ಹಿಂದೆ ಹೋಗುತ್ತದೆ. ಅದೇ ಸ್ಟ್ರೈಪ್ಡ್ ಬಾಸ್. ಬೆಳ್ಳಿ ಮೈ, ಅದರ ಮೇಲೆ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ. ಅಲ್ಲಿನವರು ಪ್ರೀತಿಯಿಂದ ಸ್ಟ್ರೈಪರ್ ಅನ್ನುತ್ತಾರೆ. ಇದನ್ನು ಹಿಡಿಯಲು ದೋಣಿ ಬೇಕೇ ಬೇಕು ಅಂತಿಲ್ಲ. 1982ರ ಸೆಪ್ಟೆಂಬರ್‌ನಲ್ಲಿ ಆಲ್ಬರ್ಟ್ ಮೆಕ್‌ರೆನಾಲ್ಡ್ಸ್ ಎಂಬವರು ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ, ಬಿರುಗಾಳಿಯ ರಾತ್ರಿ ಕಲ್ಲಿನ ಜೆಟ್ಟಿಯ ಮೇಲೆ ನಿಂತು 78 ಪೌಂಡ್ 8 ಔನ್ಸ್ ತೂಕದ ಮೀನು ಹಿಡಿದರು. ಅಂದರೆ 35 ಕಿಲೋಗೂ ಜಾಸ್ತಿ. 2011ರವರೆಗೆ ಅದೇ ವಿಶ್ವದಾಖಲೆಯಾಗಿತ್ತು.

ಯಾವಾಗ ಹೋಗಬೇಕು?

ಈ ಮೀನು ಬೆಳೆಯುವುದು ಉಪ್ಪುನೀರಿನಲ್ಲಿ, ಮೊಟ್ಟೆ ಇಡುವುದು ಸಿಹಿನೀರಿನಲ್ಲಿ. ವಸಂತದಲ್ಲಿ ಚೆಸಪೀಕ್ ಕೊಲ್ಲಿಗೆ ಸೇರುವ ಹೊಳೆಗಳನ್ನೂ ಹಡ್ಸನ್ ನದಿಯನ್ನೂ ಏರಿ ಮೊಟ್ಟೆ ಇಡುತ್ತದೆ. ಆಮೇಲೆ ದಡದ ಪಕ್ಕದಲ್ಲೇ ಉತ್ತರಕ್ಕೆ ಹೊರಡುತ್ತದೆ. ಮೇ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ತಲುಪುತ್ತದೆ. ಸೆಪ್ಟೆಂಬರ್ ಬಂತೆಂದರೆ ಮತ್ತೆ ದಕ್ಷಿಣದ ದಾರಿ. ನ್ಯೂಯಾರ್ಕಿನ ಮಾಂಟಾಕ್‌ನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ನ್ಯೂಜೆರ್ಸಿಯಲ್ಲಿ ಅಕ್ಟೋಬರ್ ಕೊನೆ ಮತ್ತು ನವೆಂಬರ್. ನನ್ನ ಕೇಳಿದರೆ ಈ ವಾಪಸು ಪಯಣದ ಕಾಲಕ್ಕೇ ಹೋಗಿ. ಚಳಿಗೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳುವ ಆತುರದಲ್ಲಿ ಮೀನು ದಡದ ತೀರಾ ಹತ್ತಿರ ಬರುತ್ತದೆ.

ನಡುಹಗಲು ಬೇಡ. ನಸುಕು, ಮುಸ್ಸಂಜೆ, ಎಲ್ಲಕ್ಕಿಂತ ರಾತ್ರಿ ಒಳ್ಳೆಯದು. ಉಬ್ಬರದ ಕೊನೆಯ ಎರಡು ಗಂಟೆ ಮತ್ತು ಇಳಿತದ ಮೊದಲ ಎರಡು ಗಂಟೆ ನೋಡಿಕೊಳ್ಳಿ. ನೀರು ಹರಿಯುತ್ತಿದ್ದರೆ ಮೀನು ತಿನ್ನುತ್ತದೆ. ನೀರು ನಿಂತರೆ ಅದೂ ಸುಮ್ಮನಾಗುತ್ತದೆ.

ಸಾಮಾನು

ಹತ್ತು ಅಡಿಯ ರಾಡ್, ಅದಕ್ಕೆ ತಕ್ಕ ಸ್ಪಿನ್ನಿಂಗ್ ರೀಲ್, 30 ಪೌಂಡ್ ತಡೆಯುವ ಹೆಣೆದ ದಾರ, ಅದರ ತುದಿಗೆ ಮೂರಡಿ ಉದ್ದದ ಲೀಡರ್, ಅಂದರೆ ಗಾಳ ಕಟ್ಟುವ ದಪ್ಪ ದಾರ. ಇಷ್ಟು ಸಾಕು. ಎದೆಮಟ್ಟದ ವೇಡರ್ (ನೀರಿಗಿಳಿಯಲು ತೊಡುವ, ನೀರು ಒಳಬಿಡದ ಉಡುಪು) ಹಾಕಿದರೆ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿಯಲೇಬೇಕು. ಬಿದ್ದಾಗ ಒಳಗೆ ನೀರು ತುಂಬದಂತೆ ತಡೆಯುವುದು ಅದೇ. ಜೆಟ್ಟಿಯ ಕಲ್ಲು ಪಾಚಿ ಹಿಡಿದಿರುತ್ತದೆ, ಅಲ್ಲಿಗೆ ಮೊಳೆ ಇರುವ ಅಡಿಪಟ್ಟಿಯನ್ನು ಬೂಟಿಗೆ ಕಟ್ಟಿಕೊಳ್ಳಿ. ಹಣೆಗೆ ಕಟ್ಟುವ ದೀಪ, ಗಾಳ ಬಿಡಿಸಲು ಇಕ್ಕಳ ಮರೆಯಬೇಡಿ. ರಾತ್ರಿ ಒಬ್ಬರೇ ಹೋಗಬೇಡಿ.

ನೀರನ್ನು ಓದುವುದು

ಮೊದಲ ವರ್ಷ ನಾನು ಸೊಂಟದವರೆಗೆ ನೀರಿಗಿಳಿದು, ತೋಳಲ್ಲಿ ಇದ್ದಷ್ಟು ಬಲ ಹಾಕಿ ದೂರಕ್ಕೆ ಎಸೆಯುತ್ತಿದ್ದೆ. ಎಷ್ಟೋ ರಾತ್ರಿ ಬರಿಗೈಲಿ ಮನೆಗೆ ಹೋದೆ. ಒಂದು ದಿನ ನನ್ನ ಹಿಂದೆ, ಒಣ ಮರಳಿನ ಮೇಲೆ ನಿಂತಿದ್ದ ಹಿರಿಯರೊಬ್ಬರು ಕರೆದು ಹೇಳಿದರು: "ಹೊರಗೆ ಬನ್ನಿ, ಮೀನು ನಿಮ್ಮ ಬೆನ್ನ ಹಿಂದೆ ಇದೆ." ಅವರು ದಡಕ್ಕೆ ಓರೆಯಾಗಿ ಒಂದು ಹದಿನೈದು ಮೀಟರ್ ಎಸೆದರು ಅಷ್ಟೇ. ಮೂರನೇ ಸಲಕ್ಕೆ ರಾಡ್ ಬಾಗಿತು.

ಆ ರಹಸ್ಯ ಇರುವುದು ಮರಳಿನ ಅಡಿಯಲ್ಲಿ. ಪೂರ್ತಿ ಇಳಿತದ ಹೊತ್ತಿಗೆ, ಹಗಲು ಬೆಳಕಿನಲ್ಲಿ, ಗಾಳ ಇಲ್ಲದೆ ಸುಮ್ನೆ ಒಂದು ಸುತ್ತು ನಡೆಯಿರಿ. ದಡದಿಂದ ಸ್ವಲ್ಪ ದೂರದಲ್ಲಿ ಅಲೆ ಒಡೆದು ಬಿಳಿ ನೊರೆಯಾಗುತ್ತದಲ್ವಾ, ಅಲ್ಲಿ ಮರಳ ದಿಬ್ಬ ಇದೆ. ದಿಬ್ಬಕ್ಕೂ ದಡಕ್ಕೂ ನಡುವೆ ಅಲೆ ತಗ್ಗಿ, ನೀರು ಕಡುಬಣ್ಣಕ್ಕೆ ತಿರುಗಿದರೆ ಅದು ಉದ್ದನೆಯ ತಗ್ಗು. ದಿಬ್ಬದ ಸಾಲಿನಲ್ಲಿ ಒಂದು ಕಡೆ ಮಾತ್ರ ಅಲೆ ಒಡೆಯದೆ ಹಾಗೇ ಒಳಗೆ ಬಂದರೆ ಅಲ್ಲಿ ಕಂಡಿ ಇದೆ. ಉಬ್ಬರದಲ್ಲಿ ಸ್ಟ್ರೈಪರ್ ಈ ಕಂಡಿಯಿಂದ ಒಳಗೆ ನುಗ್ಗಿ, ತಗ್ಗಿನಲ್ಲಿ ಓಡಾಡುತ್ತಾ ಸಣ್ಣ ಮೀನು ಮೇಯುತ್ತದೆ. ಇಳಿತದಲ್ಲಿ ನೀರಿನ ಜೊತೆ ಸಣ್ಣ ಮೀನು ಕಂಡಿಯತ್ತ ಕೊಚ್ಚಿಹೋಗುತ್ತವೆ. ಆಗ ಸ್ಟ್ರೈಪರ್ ಕಂಡಿಯ ಬಾಯಲ್ಲೇ ಕಾದು ನಿಲ್ಲುತ್ತದೆ. ಕಂಡಿಯ ನೇರಕ್ಕೆ ದಡದ ಮೇಲೆ ಯಾವ ಕಂಬ, ಯಾವ ಮನೆ ಇದೆ ಅಂತ ಗುರುತಿಟ್ಟುಕೊಳ್ಳಿ. ಕತ್ತಲಲ್ಲಿ ಕೈಹಿಡಿಯುವುದು ಅದೊಂದೇ.

ಇನ್ನೊಂದು ಗುರುತು ಹಕ್ಕಿ. ಕಡಲಹಕ್ಕಿಗಳು ಒಂದೇ ಕಡೆ ಮತ್ತೆ ಮತ್ತೆ ನೀರಿಗೆ ಧುಮುಕುತ್ತಿದ್ದರೆ, ಕೆಳಗಿನಿಂದ ದೊಡ್ಡ ಮೀನು ಸಣ್ಣದನ್ನು ಮೇಲಕ್ಕೆ ಅಟ್ಟಿರುತ್ತದೆ.

ಎರೆಯೋ, ಪ್ಲಗ್ಗೋ?

ಎರೆಗೆ ತಾಜಾ ಬಂಕರ್ ತುಂಡು ಒಳ್ಳೆಯದು. ನಮ್ಮ ಭೂತಾಯಿಯ ದೂರದ ನೆಂಟ ಇದು, ಅಷ್ಟೇ ಎಣ್ಣೆ, ಅಷ್ಟೇ ವಾಸನೆ. ಬಿರುಗಾಳಿ ಕಳೆದ ಮರುದಿನವಾದರೆ ಚಿಪ್ಪಿನ ಮಾಂಸ ಇನ್ನೂ ಒಳ್ಳೆಯದು. ಅಲೆಯ ಹೊಡೆತಕ್ಕೆ ಚಿಪ್ಪು ಒಡೆದಿರುತ್ತವೆ, ಮೀನು ಅದನ್ನೇ ಹುಡುಕಿ ಬಂದಿರುತ್ತದೆ. ಎರೆ ಹಾಕುವಾಗ ಸರ್ಕಲ್ ಹುಕ್ ಕಡ್ಡಾಯ. ಇದರ ಮೊನೆ ಒಳಕ್ಕೆ ಬಾಗಿರುವುದರಿಂದ ಮೀನಿನ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಗೆ ಇಳಿಯುವುದು ಅಪರೂಪ. ಆದರೆ ಎಳೆತ ಬಂದ ಕೂಡಲೇ ಜಗ್ಗುವ ನಮ್ಮ ಅಭ್ಯಾಸ ಬಿಡಬೇಕು. ಜಗ್ಗಿದರೆ ಗಾಳ ಬಾಯಿಂದ ಈಚೆ ಬರುತ್ತದೆ. ದಾರ ಬಿಗಿಯಾಗುವವರೆಗೆ ನಿಧಾನ ಸುತ್ತಿ, ಅದೇ ಕಚ್ಚಿಕೊಳ್ಳುತ್ತದೆ.

ನನಗೆ ಇಷ್ಟ ಪ್ಲಗ್. ಮರದಲ್ಲೋ ಪ್ಲಾಸ್ಟಿಕ್‌ನಲ್ಲೋ ಮಾಡಿದ ಮೀನಿನ ಗೊಂಬೆ ಅದು. ರಾತ್ರಿ ಅದನ್ನು ಎಷ್ಟು ನಿಧಾನ ಸುತ್ತಬೇಕೆಂದರೆ, ಅದರ ಒದ್ದಾಟ ರಾಡಿನ ಹಿಡಿಯಲ್ಲಿ ಮೆಲ್ಲಗೆ ಮಿಡಿಯುವುದಷ್ಟೇ ಗೊತ್ತಾಗಬೇಕು. ಆ ಮಿಡಿತ ತಟ್ಟನೆ ನಿಂತು, ಯಾರೋ ಬಾಗಿಲು ತಟ್ಟಿದ ಹಾಗೆ ಒಂದು ಹೊಡೆತ ಬರುತ್ತದೆ. ಆಗ ರಾಡ್ ಎತ್ತಿ. ಮೀನು ಓಡಿದರೆ ಓಡಲು ಬಿಡಿ. ಕೊನೆಗೆ ದಡ ಮುಟ್ಟಿಸುವಾಗ ಎಳೆಯಬೇಡಿ, ಮುಂದಿನ ಅಲೆ ಬರುವವರೆಗೆ ಕಾಯಿರಿ. ಅಲೆಯೇ ಅದನ್ನು ಮರಳಿಗೆ ತಂದಿಡುತ್ತದೆ.

ಇಟ್ಟುಕೊಳ್ಳುವುದು, ಬಿಡುವುದು

ಕಡಲ ದಡದಲ್ಲಿ 28 ಇಂಚಿನಿಂದ 31 ಇಂಚಿನೊಳಗಿನ ಮೀನನ್ನು ಮಾತ್ರ ಇಟ್ಟುಕೊಳ್ಳಬಹುದು, ಅದೂ ದಿನಕ್ಕೆ ಒಂದೇ. 2023ರಿಂದ ಈ ಅಳತೆ ಬಂದಿದೆ. ಪರವಾನಗಿ ಮತ್ತು ನೋಂದಣಿ ರಾಜ್ಯಕ್ಕೊಂದು ಥರ ಇದೆ, ನಿಯಮವೂ ಬದಲಾಗುತ್ತಿರುತ್ತದೆ. ಹೊರಡುವ ಮುಂಚೆ ಆ ರಾಜ್ಯದ ಮೀನುಗಾರಿಕೆ ಇಲಾಖೆಯ ಪುಟ ನೋಡಿಕೊಳ್ಳಿ.

ಇಷ್ಟು ಬಿಗಿ ಯಾಕೆ? ಮಿತಿ ಇಲ್ಲದೆ ಹಿಡಿದು 1980ರ ಹೊತ್ತಿಗೆ ಈ ಮೀನು ಮುಗಿದೇಹೋಗುವುದರಲ್ಲಿತ್ತು. 1985ರಲ್ಲಿ ಮೇರಿಲ್ಯಾಂಡ್ ಇದನ್ನು ಹಿಡಿಯುವುದನ್ನೇ ಐದು ವರ್ಷ ನಿಲ್ಲಿಸಿತು. 1995ಕ್ಕೆ ಸಂತತಿ ಚೇತರಿಸಿತೆಂದು ಘೋಷಿಸಿದರು. ಈಗ 2019ರಿಂದೀಚೆಗೆ ಚೆಸಪೀಕ್‌ನಲ್ಲಿ ಮರಿಗಳು ಮತ್ತೆ ಕಡಿಮೆಯಾಗಿವೆ. ದೊಡ್ಡ ಮೀನು ಹೆಚ್ಚಿನವು ಹೆಣ್ಣು, ಒಂದೊಂದರ ಹೊಟ್ಟೆಯಲ್ಲೂ ಲಕ್ಷಾಂತರ ಮೊಟ್ಟೆ.

ಹಾಗಾಗಿ ಬಿಡುವುದನ್ನೂ ಹಿಡಿಯುವಷ್ಟೇ ಶ್ರದ್ಧೆಯಿಂದ ಕಲಿಯಿರಿ. ಪ್ಲಗ್ಗಿನ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ. ಅದಕ್ಕೆ ಚೂಪು ಹಲ್ಲಿಲ್ಲ, ಕೆಳದವಡೆಯನ್ನು ಹೆಬ್ಬೆರಳಿಂದ ಹಿಡಿಯಬಹುದು. ಕಿವಿರಿನ ಮುಚ್ಚಳದ ಅಂಚು ಮಾತ್ರ ಕೈ ಕೊಯ್ಯುತ್ತದೆ, ಜೋಪಾನ. ದವಡೆಯಿಂದ ನೇತಾಡಿಸಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ನೀರಿನಲ್ಲಿ ಅದನ್ನು ನೆಟ್ಟಗೆ ಹಿಡಿದು, ಕಿವಿರು ಆಡುವುದನ್ನು ನೋಡುತ್ತಾ ನಿಲ್ಲಿ. ಬಾಲ ಜೋರಾಗಿ ಒದ್ದು ಅದಾಗೇ ಕೈ ಬಿಡಿಸಿಕೊಂಡ ಮೇಲೆ ನೀವು ಬಿಡಿ.

ಮನೆಗೆ ಬಂದು ರೀಲನ್ನು ಸಿಹಿನೀರಿನಲ್ಲಿ ತೊಳೆಯಿರಿ. ಉಬ್ಬರದ ಹೊತ್ತು, ಗಾಳಿಯ ದಿಕ್ಕು, ಕಂಡಿ ಎಲ್ಲಿತ್ತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ದೊಡ್ಡ ಗಾಳಿ ಬಂದು ಹೋದ ಮೇಲೆ ಆ ಕಂಡಿ ಅಲ್ಲಿರುವುದಿಲ್ಲ. ಮತ್ತೆ ಇಳಿತದ ಹೊತ್ತಿಗೆ, ಗಾಳ ಇಲ್ಲದೆ, ಒಂದು ಸುತ್ತು ನಡೆದು ಬರಬೇಕು.