ಮಾರ್ಚ್‌ನಲ್ಲಿ ಜಪಾನ್: ಮೊದಲು ಹಿಮದ ಹಳ್ಳಿ, ಆಮೇಲೆ ಪೇಟೆ

ಮಾರ್ಚ್ ಮೊದಲ ವಾರ ಜಪಾನಿನಲ್ಲಿ ಎರಡು ಕಾಲಗಳು ಒಟ್ಟಿಗೆ ಸಿಗುತ್ತವೆ. ಟೋಕಿಯೊದಲ್ಲಿ ಮಧ್ಯಾಹ್ನ 12-13 ಡಿಗ್ರಿ ಇರುತ್ತದೆ, ಒಂದು ಜಾಕೆಟ್ ಸಾಕು. ಅಲ್ಲಿಂದ ಕನಜಾವಾ ಊರಿಗೆ ರೈಲಿನಲ್ಲಿ ಎರಡೂವರೆ ಗಂಟೆ, ಆಮೇಲೆ ಬಸ್ಸಿನಲ್ಲಿ ಒಂದೂಕಾಲು ಗಂಟೆ ಹೋದರೆ ಶಿರಕಾವಾ-ಗೊ ಹಳ್ಳಿಯ ಹುಲ್ಲಿನ ಚಾವಣಿಗಳ ಮೇಲೆ ಇನ್ನೂ ಹಿಮ ಕೂತಿರುತ್ತದೆ. ಒಂದೇ ರಜೆಯಲ್ಲಿ ಎರಡನ್ನೂ ನೋಡಿಕೊಂಡು ಬರಬಹುದು. ಆದರೆ ತಾರೀಖು ಹತ್ತು ದಿನ ಆಚೀಚೆ ಆದರೆ ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ವಿಮಾನದ ಟಿಕೆಟ್ ಹುಡುಕುವ ಮುಂಚೆ ಕ್ಯಾಲೆಂಡರ್ ತೆಗೆದು ಕೂರಿ.

ಯಾವಾಗ ಹೋಗಬೇಕು?

ಜಪಾನಿನ ಪಶ್ಚಿಮ ಕರಾವಳಿಯ ಕಡೆಗೇ ಇಷ್ಟು ಹಿಮ ಯಾಕೆ ಎಂದು ಗೊತ್ತಿದ್ದರೆ ತಾರೀಖು ಆರಿಸುವುದು ಸುಲಭ. ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಗಾಳಿ ಬೀಸುತ್ತದೆ. ಅದು ಜಪಾನ್ ಸಮುದ್ರ ದಾಟುವಾಗ ಬೆಚ್ಚಗಿನ ನೀರಿನಿಂದ ತೇವ ಹೀರಿಕೊಳ್ಳುತ್ತದೆ. ದೇಶದ ನಡುವೆ ಇರುವ ಬೆಟ್ಟಗಳು ಅಡ್ಡ ಬಂದಾಗ ಮೇಲೇರಿ, ಹೊತ್ತು ತಂದದ್ದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಬೆಟ್ಟದಾಚೆ ಟೋಕಿಯೊ ತಲುಪುವಷ್ಟರಲ್ಲಿ ಗಾಳಿ ಮತ್ತೆ ಒಣಗಿರುತ್ತದೆ, ಬಿಸಿಲು ಹೊಳೆಯುತ್ತದೆ. ಮಾರ್ಚ್ ಬಂದಂತೆ ಈ ಗಾಳಿಯ ಜೋರು ಇಳಿಯುತ್ತದೆ. ಹೊಸ ಹಿಮ ಬೀಳುವುದು ಕಡಿಮೆಯಾಗಿ, ಬಿದ್ದದ್ದು ಕರಗಲು ಶುರುವಾಗುತ್ತದೆ. ಅಂದರೆ ತಿಂಗಳ ಒಂದೊಂದು ದಿನ ಹೋದಂತೆಯೂ ಹಿಮ ಕೈಜಾರುತ್ತಿರುತ್ತದೆ.

ನನ್ನ ಸಲಹೆ: ಹಳ್ಳಿಯ ದಿನಗಳು ಮಾರ್ಚ್ 1ರಿಂದ 10ರೊಳಗೆ ಬರಲಿ. ಹಿಮವೂ ಬೇಕು, ಚೆರ್ರಿ ಹೂವೂ ಬೇಕು ಅಂತ ಮೂರನೇ ವಾರ ಆರಿಸಿಕೊಳ್ಳುವವರು ಜಾಸ್ತಿ. ಟೋಕಿಯೊದಲ್ಲಿ ಚೆರ್ರಿ ಅರಳಲು ಶುರುವಾಗುವುದು ಸರಾಸರಿ ಮಾರ್ಚ್ 24ರ ಸುಮಾರಿಗೆ, ತುಂಬಿ ನಿಲ್ಲುವುದು ತಿಂಗಳ ಕೊನೆಗೆ. ಮೂರನೇ ವಾರ ಹೋದರೆ ಹಳ್ಳಿಯಲ್ಲಿ ಬೋಳು ಗದ್ದೆ, ಪೇಟೆಯಲ್ಲಿ ಬರೀ ಮೊಗ್ಗು ನೋಡಿ ವಾಪಸ್ ಬರಬೇಕಾದೀತು. ಚೆರ್ರಿಯ ಆಸೆ ಬಿಟ್ಟುಬಿಡಿ. ಅದರ ಬದಲು ಪ್ಲಮ್ ಹೂವು ಸಿಗುತ್ತದೆ. ಕ್ಯೋಟೊದ ಕಿತಾನೊ ತೆಂಮಾಂಗು ದೇವಸ್ಥಾನದ ತೋಟ ಫೆಬ್ರುವರಿಯಿಂದ ಮಾರ್ಚ್ ನಡುವಿನವರೆಗೆ ಬಿಳಿ, ಗುಲಾಬಿ ಹೂವಿನಿಂದ ತುಂಬಿರುತ್ತದೆ. ಚೆರ್ರಿಯ ಜನಜಾತ್ರೆ ಇನ್ನೂ ಬಂದಿರುವುದಿಲ್ಲ, ಹೋಟೆಲ್ ದರವೂ ಏರಿರುವುದಿಲ್ಲ. ಮಾರ್ಚ್ 20ರ ಆಸುಪಾಸಿಗೆ ವಿಷುವದ ಸರ್ಕಾರಿ ರಜೆ, ಅದರ ಬೆನ್ನಿಗೇ ಶಾಲೆಗಳ ರಜೆ. ಅಷ್ಟರೊಳಗೆ ಮುಗಿಸಿಕೊಂಡರೆ ಒಳ್ಳೆಯದು.

ಅಂತರ್ಜಾಲದ ಫೋಟೊಗಳನ್ನು ನಂಬುವ ಮುಂಚೆ ತಿಂಗಳು ನೋಡಿ. ಬಸ್ಸಿನ ಎರಡೂ ಕಡೆ ಹಿಮದ ಗೋಡೆ ಎದ್ದಿರುವ ಚಿತ್ರ ತತೆಯಾಮಾ ಬೆಟ್ಟದ ದಾರಿಯದ್ದು. ಆ ದಾರಿ ತೆರೆಯುವುದೇ ಏಪ್ರಿಲ್ ನಡುವೆ. ರಾತ್ರಿ ದೀಪದಲ್ಲಿ ಹೊಳೆಯುವ ಹಳ್ಳಿಯ ಚಿತ್ರ ಜನವರಿ-ಫೆಬ್ರುವರಿಯ ಕೆಲವೇ ಸಂಜೆಗಳದ್ದು, ಅದಕ್ಕೂ ಮುಂಗಡ ಬುಕ್ಕಿಂಗ್ ಬೇಕು. ಮಾರ್ಚ್‌ನಲ್ಲಿ ಇವೆರಡೂ ಇಲ್ಲ.

ದಾರಿ ಹೀಗಿರಲಿ

ಹಿಮ ಕಾಯುವುದಿಲ್ಲ, ಪೇಟೆ ಕಾಯುತ್ತದೆ. ಆದ್ದರಿಂದ ಟೋಕಿಯೊದಲ್ಲಿ ಇಳಿದ ಮೇಲೆ ಒಂದು ರಾತ್ರಿ ಮಾತ್ರ ಅಲ್ಲಿ ಕಳೆಯಿರಿ. ಆಮೇಲೆ ಕನಜಾವಾದಲ್ಲಿ ಎರಡು ರಾತ್ರಿ, ಶಿರಕಾವಾ-ಗೊ ಹಳ್ಳಿಯಲ್ಲಿ ಒಂದು, ತಕಾಯಾಮಾದಲ್ಲಿ ಒಂದು, ಕ್ಯೋಟೊದಲ್ಲಿ ಮೂರು, ಮತ್ತೆ ಟೋಕಿಯೊದಲ್ಲಿ ಎರಡು. ಟೋಕಿಯೊವನ್ನು ಕೊನೆಗೆ ಇಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಖರೀದಿಯೆಲ್ಲ ಅಲ್ಲೇ ಆಗುವುದು. ತುಂಬಿದ ಸೂಟ್‌ಕೇಸನ್ನು ಊರೂರು ಎಳೆಯುವ ಬದಲು ಅಲ್ಲಿಂದಲೇ ವಿಮಾನ ಹತ್ತಬಹುದು.

ಜೆಆರ್ ಪಾಸ್, ಅಂದರೆ ಪ್ರವಾಸಿಗರು ರೈಲಿನಲ್ಲಿ ಬೇಕಾದಷ್ಟು ಓಡಾಡಲು ಕೊಳ್ಳುವ ಪಾಸು, ತಗೊಳ್ಳಲೇಬೇಕು ಎಂಬ ಮಾತು ಹಳೆಯದು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ ಸುಮಾರು 30 ಸಾವಿರ ಯೆನ್‌ನಿಂದ 50 ಸಾವಿರಕ್ಕೆ ಜಿಗಿಯಿತು. ಬಿಡಿ ಟಿಕೆಟ್ ಲೆಕ್ಕ ಹಾಕಿ ನೋಡೋಣ. ಟೋಕಿಯೊದಿಂದ ಕನಜಾವಾಗೆ ಶಿಂಕಾನ್ಸೆನ್ ಬುಲೆಟ್ ರೈಲಿಗೆ 14 ಸಾವಿರ ಚಿಲ್ಲರೆ. ಕನಜಾವಾ-ಶಿರಕಾವಾ-ಗೊ-ತಕಾಯಾಮಾ ಎರಡು ಬಸ್ಸು ಸೇರಿ ಐದೂವರೆ ಸಾವಿರದ ಸುಮಾರು. ತಕಾಯಾಮಾದಿಂದ ಹಿದಾ ಎಕ್ಸ್‌ಪ್ರೆಸ್‌ನಲ್ಲಿ ನಾಗೊಯಾ, ಅಲ್ಲಿಂದ ಕ್ಯೋಟೊ, ಇದಕ್ಕೆ 12 ಸಾವಿರ. ಕ್ಯೋಟೊದಿಂದ ಟೋಕಿಯೊಗೆ ಮತ್ತೆ 14 ಸಾವಿರ. ಎಲ್ಲ ಸೇರಿ 46 ಸಾವಿರದ ಹತ್ತಿರ ಬರುತ್ತದೆ. ಪಾಸಿನಲ್ಲಿ ಆ ಹಳ್ಳಿ ಬಸ್ಸು ಸೇರುವುದೂ ಇಲ್ಲ, ಬೇಗ ಓಡುವ ನೊಜೊಮಿ ರೈಲಿಗೆ ಮೇಲೆ ದುಡ್ಡು ಕೊಡಬೇಕು. ಈ ದಾರಿಗೆ ಪಾಸು ಬೇಡ.

ಟೋಕಿಯೊ-ಕನಜಾವಾ ಮಾರ್ಗದ ಕಗಾಯಾಕಿ ರೈಲಿನಲ್ಲಿ ಎಲ್ಲ ಸೀಟೂ ರಿಸರ್ವೇಶನ್‌ನದ್ದೇ. ಟಿಕೆಟ್ ಒಂದು ತಿಂಗಳು ಮುಂಚೆ ಬಿಡುತ್ತಾರೆ. ಹಳ್ಳಿ ಬಸ್ಸಿಗೂ ಬುಕ್ಕಿಂಗ್ ತೆರೆದ ಕೂಡಲೇ ಸೀಟು ಹಿಡಿಯಿರಿ. ರೈಲು ತಪ್ಪಿದರೆ ಇನ್ನೊಂದು ಬರುತ್ತದೆ, ಬಸ್ಸಿನ ಕತೆ ಹಾಗಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಹೊರಡುವ ಮುಂಚೆಯೇ ವೀಸಾ ಮಾಡಿಸಿಕೊಳ್ಳಬೇಕು, ಅದಕ್ಕೆ ಹೋಟೆಲ್ ವಿವರ, ದಿನದಿನದ ಪಟ್ಟಿ ಕೊಡಬೇಕು. ಹಾಗಾಗಿ ದಾರಿ ಮೊದಲೇ ಗಟ್ಟಿ ಮಾಡಿಕೊಂಡರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತದೆ.

ಹಳ್ಳಿಯಲ್ಲಿ ರಾತ್ರಿ ಉಳಿಯಿರಿ

ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಮೊದಲು ಬುಕ್ ಮಾಡಬೇಕಾದದ್ದು ಶಿರಕಾವಾ-ಗೊ ಕಣಿವೆಯ ಒಗಿಮಾಚಿ ಹಳ್ಳಿಯ ಮನೆವಸತಿ. ವಿಮಾನದ ಟಿಕೆಟ್‌ಗಿಂತಲೂ ಮೊದಲು ಅಂದರೂ ತಪ್ಪಿಲ್ಲ. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳ್ಳಿ ಇದು. ಚಾವಣಿಗಳು ಕೈ ಮುಗಿದು ನಿಂತ ಹಾಗೆ ಕಡಿದಾಗಿವೆ, ಸುಮಾರು 60 ಡಿಗ್ರಿ ಓರೆ. ಭಾರದ ಹಿಮ ನಿಲ್ಲದೆ ಜಾರಿ ಬೀಳಲಿ ಎಂದೇ ಹೀಗೆ ಕಟ್ಟಿದ್ದು. ದಪ್ಪ ಹುಲ್ಲಿನ ಕೆಳಗಿನ ಅಟ್ಟದಲ್ಲಿ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದರು.

ಬಹಳ ಜನ ಬೆಳಿಗ್ಗೆ ಬಂದು, ಮೂರು ಗಂಟೆ ಸುತ್ತಾಡಿ, ಫೋಟೊ ತೆಗೆದು ಹೊರಟುಬಿಡುತ್ತಾರೆ. ಮಧ್ಯಾಹ್ನ ಬೀದಿಯಲ್ಲಿ ನಡೆಯಲೂ ಜಾಗ ಇರುವುದಿಲ್ಲ. ಸಂಜೆಯ ಬಸ್ಸುಗಳು ಹೋದ ಮೇಲೆ ಹಳ್ಳಿ ಹಳ್ಳಿಯವರಿಗೆ ವಾಪಸ್ ಸಿಗುತ್ತದೆ. ಗಟಾರದಲ್ಲಿ ಹಿಮನೀರು ಹರಿಯುವ ಸದ್ದು ಆಗ ಕೇಳಿಸುತ್ತದೆ. ಆ ಹೊತ್ತಿಗಾಗಿಯೇ ಅಲ್ಲಿ ಉಳಿಯಬೇಕು.

ಆದರೆ ಇದು ಹೋಟೆಲ್ ಅಲ್ಲ, ಒಬ್ಬರ ಮನೆ. ಕೋಣೆಗಳ ನಡುವೆ ಸರಿಸುವ ತೆಳು ಬಾಗಿಲು, ಪಕ್ಕದವರ ಗೊರಕೆ ಕೇಳಿಸುತ್ತದೆ. ಚಾಪೆಯ ಮೇಲೆ ಹಾಸಿಗೆ. ಬಚ್ಚಲು, ಶೌಚಾಲಯ ಎಲ್ಲರಿಗೂ ಸೇರಿ. ಊಟ ಸಂಜೆ ಆರರ ಸುಮಾರಿಗೆ, ನಡುಮನೆಯ ಒಲೆಗುಂಡಿಯ ಪಕ್ಕದಲ್ಲಿ. ಹೊತ್ತಿಗೆ ಸರಿಯಾಗಿ ಬಂದು ಕೂರಬೇಕು, ತಡವಾದರೆ ಮನೆಯವರ ಕೆಲಸವೆಲ್ಲ ಕೆಡುತ್ತದೆ. ಹುಲ್ಲಿನ ಮನೆಗಳಾದ್ದರಿಂದ ಬೆಂಕಿಯ ಭಯ ಜಾಸ್ತಿ, ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಸಿಗರೇಟು ಹಚ್ಚುವಂತಿಲ್ಲ. ಅಂಗಳ, ಗದ್ದೆಗೆ ನುಗ್ಗಿ ಫೋಟೊ ತೆಗೆಯುವುದೂ ಬೇಡ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದೇ ಇರಬಹುದು, ಕನಜಾವಾದಲ್ಲೇ ನಗದು ತೆಗೆದಿಟ್ಟುಕೊಳ್ಳಿ.

ಮಾರ್ಚ್‌ನಲ್ಲಿ ಒಂದು ಎಚ್ಚರಿಕೆ ಮುಖ್ಯ. ಸೂರಿನ ಕೆಳಗೆ ನಿಲ್ಲಬೇಡಿ. ಬಿಸಿಲು ಏರಿದಂತೆ ಚಾವಣಿಯ ಹಿಮ ತಳದಿಂದ ಸಡಿಲವಾಗುತ್ತದೆ. ಮೊದಲು ಸೂರಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ, ಅಂಚು ಸ್ವಲ್ಪ ಮುಂದೆ ಬಾಗುತ್ತದೆ, ಆಮೇಲೆ ಒಮ್ಮೆಲೇ ಧೊಪ್ಪೆಂದು ಇಡೀ ಹಾಳೆಯೇ ಕುಸಿಯುತ್ತದೆ. ಅಷ್ಟು ಹಿಮ ಮೈಮೇಲೆ ಬಿದ್ದರೆ ಹುಡುಗಾಟವಲ್ಲ.

ಸಾಮಾನು ಮುಂದೆ ಕಳಿಸಿ

ದೊಡ್ಡ ಸೂಟ್‌ಕೇಸನ್ನು ಹಿಮದ ಹಳ್ಳಿಗೆ ಒಯ್ಯಬೇಡಿ. ಕರಗಿದ ಹಿಮದ ಕೆಸರಿನಲ್ಲಿ ಚಕ್ರ ತಿರುಗುವುದಿಲ್ಲ. ಜಪಾನಿನಲ್ಲಿ ಇದಕ್ಕೆ ಸೊಗಸಾದ ವ್ಯವಸ್ಥೆ ಇದೆ, ತಕ್ಕ್ಯೂಬಿನ್. ಕನಜಾವಾ ಹೋಟೆಲ್‌ನ ಕೌಂಟರ್‌ನಲ್ಲಿ ಸೂಟ್‌ಕೇಸ್ ಕೊಟ್ಟು, ಕ್ಯೋಟೊ ಹೋಟೆಲ್‌ನ ವಿಳಾಸ ಮತ್ತು ನೀವು ಅಲ್ಲಿ ತಲುಪುವ ತಾರೀಖು ಬರೆದುಕೊಟ್ಟರೆ ಆಯಿತು. ಸಾಮಾನ್ಯವಾಗಿ ಮರುದಿನವೇ ಮುಟ್ಟುತ್ತದೆ. ನೀವು ಕ್ಯೋಟೊ ತಲುಪುವುದು ಎರಡು ರಾತ್ರಿ ಆದ ಮೇಲೆ, ಹಿಮದಿಂದ ಒಂದು ದಿನ ತಡವಾದರೂ ತೊಂದರೆ ಇಲ್ಲ. ಖರ್ಚು ಎರಡು-ಮೂರು ಸಾವಿರ ಯೆನ್. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಇಷ್ಟು ಸಾರ್ಥಕವಾಗಿ ಖರ್ಚಾಗುವ ದುಡ್ಡು ಬೇರೆ ಇಲ್ಲ. ಎರಡು ರಾತ್ರಿಗೆ ಬೇಕಾದ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಬೆನ್ನಚೀಲದಲ್ಲಿ ಇರಲಿ.

ಕ್ಯೋಟೊ-ಟೋಕಿಯೊ ಶಿಂಕಾನ್ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಮೂರೂ ಸೇರಿ 160 ಸೆಂಟಿಮೀಟರ್ ಮೀರಿದ ಚೀಲಕ್ಕೆ ಅದರ ಜಾಗವಿರುವ ಸೀಟನ್ನೇ ಮೊದಲು ಕಾಯ್ದಿರಿಸಬೇಕು. ಇಲ್ಲದಿದ್ದರೆ ರೈಲಿನಲ್ಲಿ ಸಾವಿರ ಯೆನ್ ದಂಡ.

ಬಟ್ಟೆ, ಬೂಟು

ಒಂದು ದಪ್ಪ ಕೋಟಿನ ಬದಲು ಪದರ ಪದರವಾಗಿ ಹಾಕಿಕೊಳ್ಳಿ. ಒಳಗೆ ಥರ್ಮಲ್, ನಡುವೆ ಉಣ್ಣೆ, ಹೊರಗೆ ನೀರು ಇಳಿಯದ ಜಾಕೆಟ್. ರೈಲು, ಅಂಗಡಿಗಳ ಒಳಗೆ ಹೀಟರ್ ಜೋರಾಗಿ ಹಾಕಿರುತ್ತಾರೆ, ಬಿಚ್ಚುವ ಹಾಗಿರಬೇಕು.

ಬೂಟಿನ ವಿಷಯದಲ್ಲಿ ಜಿಪುಣತನ ಬೇಡ. ಮಾರ್ಚ್ ಹಿಮ ಹಗಲು ಕರಗುತ್ತದೆ, ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ತಕಾಯಾಮಾದಲ್ಲಿ ಈ ಹೊತ್ತಿಗೂ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಕಾಲು ಜಾರುತ್ತದೆ, ಮಧ್ಯಾಹ್ನ ಕಾಲು ಒದ್ದೆಯಾಗುತ್ತದೆ. ನೀರು ಇಳಿಯದ, ತಳ ಒರಟಾದ ಬೂಟು ಬೇಕು. ಬೂಟಿನ ಮೇಲೆ ಸಿಕ್ಕಿಸುವ ರಬ್ಬರ್ ಹಿಡಿಕೆಗಳು ಅಲ್ಲಿಯೂ ಸಿಗುತ್ತವೆ. ಒಣ ಕಾಲುಚೀಲ ಒಂದೆರಡು ಜೊತೆ ಜಾಸ್ತಿಯೇ ಇರಲಿ, ಮನೆಯೊಳಗೆ ಕಾಲಿಡುವಾಗಲೆಲ್ಲ ಬೂಟು ಬಿಚ್ಚಬೇಕಲ್ವಾ, ಹರಕು ಕಾಲುಚೀಲ ಎಲ್ಲರಿಗೂ ಕಾಣುತ್ತದೆ!

ಪರಾಗದ ಅಲರ್ಜಿ ಇದ್ದವರು ಮಾಸ್ಕ್, ಮಾತ್ರೆ ಮರೆಯಬೇಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುಗಿ (ಜಪಾನಿನ ದೇವದಾರು) ಮರದ ಪರಾಗ ಗಾಳಿಯಲ್ಲಿ ತುಂಬಿರುತ್ತದೆ, ಊರವರೇ ಸೀನುತ್ತಾ ಓಡಾಡುತ್ತಿರುತ್ತಾರೆ.

ಸಸ್ಯಾಹಾರಿಗಳಿಗೆ

ತರಕಾರಿ ಸೂಪು, ಅಣಬೆ ನೂಡಲ್ಸ್ ಎಂದು ಕಂಡದ್ದರಲ್ಲೂ ಮೀನಿನ ಸಾರು ಇರುತ್ತದೆ. ಅದಕ್ಕೆ ದಾಶಿ ಅನ್ನುತ್ತಾರೆ. ಸುಮ್ನೆ ‘ಮಾಂಸ ಬೇಡ’ ಅಂದರೆ ಸಾಲದು, ಮೀನು ಮತ್ತು ಮೀನಿನ ದಾಶಿ ಎರಡೂ ಬೇಡ ಎಂದು ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಫೋನಿನಲ್ಲಿ ಇಟ್ಟುಕೊಳ್ಳಿ. ಹಳ್ಳಿಯ ಮನೆಗೆ ಬುಕ್ ಮಾಡುವಾಗಲೇ ತಿಳಿಸಬೇಕು, ಅಲ್ಲಿ ಹೋಗಿ ಹೇಳಿದರೆ ಅವರಿಗೂ ಕಷ್ಟ, ನಿಮಗೂ ಉಪವಾಸ. ಕೆಲವು ಮನೆಯವರು ಆಗುವುದಿಲ್ಲ ಅನ್ನಬಹುದು, ಆಗ ಬೇರೆ ಮನೆ ಹುಡುಕಲು ಸಮಯ ಸಿಗುತ್ತದೆ. ಕ್ಯೋಟೊದಲ್ಲಿ ಈ ಕಷ್ಟ ಕಡಿಮೆ. ಅಲ್ಲಿನ ದೇವಸ್ಥಾನಗಳ ಶೋಜಿನ್ ಊಟ ಪೂರ್ತಿ ಸಸ್ಯಾಹಾರ, ತೋಫುವಿನಲ್ಲೇ ಹತ್ತಾರು ಬಗೆ ಮಾಡುತ್ತಾರೆ.

ಪೇಟೆಯ ದಿನಗಳು

ಕನಜಾವಾದ ಕೆಂರೊಕುಎನ್ ತೋಟವನ್ನು ಮಾರ್ಚ್ ನಡುವಿನ ಒಳಗೆ ನೋಡಿದರೆ ಒಂದು ಲಾಭ. ಪೈನ್ ಮರಗಳ ಕೊಂಬೆ ಹಿಮದ ಭಾರಕ್ಕೆ ಮುರಿಯದಿರಲಿ ಎಂದು ನೆತ್ತಿಯಿಂದ ಕೊಡೆಯ ಕಡ್ಡಿಗಳಂತೆ ಹಗ್ಗ ಇಳಿಬಿಟ್ಟು ಪ್ರತಿ ಕೊಂಬೆಗೂ ಕಟ್ಟಿರುತ್ತಾರೆ. ನವೆಂಬರ್ 1ಕ್ಕೆ ಕಟ್ಟಲು ಶುರು ಮಾಡಿ ಮಾರ್ಚ್ ಮಧ್ಯದಲ್ಲಿ ಬಿಚ್ಚುತ್ತಾರೆ. ತಕಾಯಾಮಾದಲ್ಲಿ ಬೆಳಗಿನ ಮಿಯಾಗಾವಾ ಸಂತೆ, ಹಳೆಯ ಮರದ ಮನೆಗಳ ಬೀದಿ ಸಾಕು.

ಕ್ಯೋಟೊದಲ್ಲಿ ಬೇಗ ಏಳಿ. ಫುಶಿಮಿ ಇನಾರಿಯ ಕೆಂಪು ಕಮಾನುಗಳ ದಾರಿ ಹಗಲು-ರಾತ್ರಿ ತೆರೆದಿರುತ್ತದೆ, ಕಿಯೊಮಿಜು ದೇವಸ್ಥಾನ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಒಂಬತ್ತರ ಮೇಲೆ ಅಲ್ಲಿ ಬರೀ ತಲೆಗಳೇ. ಟೋಕಿಯೊದ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ, ಆ ದಿನ ಹಳೆಯ ದೇವಸ್ಥಾನವಿರುವ ಅಸಾಕುಸಾ ಕಡೆ ಹೋಗಿ. ಶಿಂಜುಕುವಿನ ಮೆಟ್ರೊಪಾಲಿಟನ್ ಸರ್ಕಾರಿ ಕಟ್ಟಡದ 45ನೇ ಮಹಡಿಯಿಂದ ಊರು ನೋಡಲು ದುಡ್ಡಿಲ್ಲ. ತಿಳಿಯಾದ ಬೆಳಿಗ್ಗೆ ಅಲ್ಲಿಂದ ಫುಜಿ ಪರ್ವತವೂ ಕಾಣುತ್ತದೆ.

ಯೋಜನೆ ಕೆಟ್ಟರೆ

ಹೊರಡುವ ವಾರ ಶಿರಕಾವಾ-ಗೊ ಹಳ್ಳಿಯ ಲೈವ್ ಕ್ಯಾಮೆರಾ ನೋಡಿ. ಹಿಮ ಪೂರ್ತಿ ಕರಗಿದ್ದರೆ ತಕಾಯಾಮಾದಲ್ಲಿ ಇನ್ನೊಂದು ರಾತ್ರಿ ಸೇರಿಸಿಕೊಂಡು ಶಿನ್‌ಹೊತಾಕಾ ರೋಪ್‌ವೇಗೆ ಹೋಗಿ. ಅದು ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಮೇಲಿನ ನಿಲ್ದಾಣ 2,156 ಮೀಟರ್ ಎತ್ತರದಲ್ಲಿದೆ, ಮಾರ್ಚ್‌ನಲ್ಲಿ ಅಲ್ಲಿ ಹಿಮಕ್ಕೆ ಬರವಿಲ್ಲ. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆ, ಬೆಳಿಗ್ಗೆ ವಿಚಾರಿಸಿಕೊಂಡೇ ಬಸ್ಸು ಹತ್ತಿ.

ಇದಕ್ಕೆ ತಿರುಗಾಮುರುಗಾ, ಹೊಸ ಹಿಮ ಜೋರಾಗಿ ಬಿದ್ದು ಹಳ್ಳಿ ಬಸ್ಸು ರದ್ದಾಗಲೂಬಹುದು. ಮೊದಲು ಹಳ್ಳಿಯ ಮನೆಗೆ ಫೋನ್ ಮಾಡಿಸಿ, ಕನಜಾವಾ ಹೋಟೆಲ್‌ನವರನ್ನು ಕೇಳಿದರೆ ಅವರೇ ಮಾತಾಡಿಕೊಡುತ್ತಾರೆ. ಆಮೇಲೆ ತೊಯಾಮಾ ಮೂಲಕ ರೈಲಿನಲ್ಲಿ ತಕಾಯಾಮಾ ಸೇರಬಹುದೇ ನೋಡಿ. ಆ ಸಾಲಿನಲ್ಲಿ ರೈಲುಗಳು ಕಡಿಮೆ, ಮಧ್ಯಾಹ್ನದೊಳಗೆ ತೀರ್ಮಾನ ಮಾಡಬೇಕು. ಅದೂ ನಿಂತಿದ್ದರೆ ಕನಜಾವಾದಲ್ಲೇ ಇನ್ನೊಂದು ರಾತ್ರಿ ಉಳಿದು, ಕ್ಯೋಟೊದ ಮೂರರಲ್ಲಿ ಒಂದನ್ನು ಕಡಿಮೆ ಮಾಡಿಕೊಳ್ಳಿ.