ಎರಡನೇ ಸೀಸನ್‌ಗೆ ಕಾಲಿಡುವ ಡಿಫೆನ್ಸಿವ್ ಲೈನ್‌ಮನ್ ಸುಧಾರಿಸುತ್ತಾನೆಯೇ ಎಂದು ಅಂದಾಜಿಸುವ ಬಗೆ

ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೊದಲ ವರ್ಷ ಮುಗಿಸಿದ ಡಿಫೆನ್ಸಿವ್ ಲೈನ್‌ಮನ್ (ರಕ್ಷಣೆಯ ಮುಂಚೂಣಿ ಸಾಲಿನ ಆಟಗಾರ) ಒಬ್ಬನ ಮಾತು ಬಂದರೆ ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳು ಮೊದಲು ಕೇಳುವುದು ಅವನು ಎಷ್ಟು ಸ್ಯಾಕ್ ಮಾಡಿದ ಎಂದು. ಚೆಂಡು ಕೈಬಿಡುವ ಮೊದಲೇ, ಅದನ್ನು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಈ ಸ್ಯಾಕ್ ಕಣ್ಣಿಗೆ ಬೀಳುವ ಸಾಧನೆಯೇ ಸರಿ. ಆದರೆ ಮುಂದಿನ ವರ್ಷದ ಆಟವನ್ನು ಊಹಿಸಲು ಹೊರಟವರಿಗೆ ಅದು ದುರ್ಬಲವಾದ ಆಧಾರ. ಆತ ಸೋತ ಸ್ನ್ಯಾಪ್‌ಗಳಲ್ಲಿ (ಚೆಂಡು ಕದಲಿ ಆರಂಭವಾಗುವ ಒಂದೊಂದು ಆಟ) ಯಾವ ಕಾರಣಕ್ಕೆ ಸೋತ, ಆ ಕಾರಣ ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದದ್ದೇ ಎಂಬ ಎರಡು ಪ್ರಶ್ನೆಗಳಿಂದ ಆರಂಭಿಸುವುದು ಒಳ್ಳೆಯದು.

ಸ್ಯಾಕ್ ಸಂಖ್ಯೆಯನ್ನು ಏಕೆ ಬದಿಗಿಡಬೇಕು ಎಂಬುದಕ್ಕೆ ಲೀಗ್‌ನ ದಾಖಲೆಗಳೇ ಸಾಕ್ಷಿ. ಕ್ಯಾನ್ಸಸ್ ಸಿಟಿಯ ಕ್ರಿಸ್ ಜೋನ್ಸ್ 2016ರಲ್ಲಿ, ತಮ್ಮ ಮೊದಲ ವರ್ಷದಲ್ಲಿ, ಗಳಿಸಿದ್ದು 2 ಸ್ಯಾಕ್ ಮಾತ್ರ, ಮರುವರ್ಷ 6.5 (ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ), ಅದರ ಮುಂದಿನ ವರ್ಷ 15.5. ಹ್ಯೂಸ್ಟನ್‌ನ ಜೆ.ಜೆ. ವಾಟ್ 2011ರಲ್ಲಿ 5.5ರಲ್ಲಿದ್ದವರು 2012ರಲ್ಲಿ 20.5ಕ್ಕೆ ಏರಿದರು. ಇದಕ್ಕೆ ವಿರುದ್ಧವಾಗಿ, 1999ರಲ್ಲಿ ರೂಕಿಯಾಗಿ, ಅಂದರೆ ಮೊದಲ ವರ್ಷದ ಆಟಗಾರನಾಗಿ, 14.5 ಸ್ಯಾಕ್ ಗಳಿಸಿದ ಟೆನೆಸಿಯ ಜೆವಾನ್ ಕರ್ಸ್ ಆ ಸಂಖ್ಯೆಯನ್ನು ಮತ್ತೆಂದೂ ಮುಟ್ಟಲಿಲ್ಲ. ಒಂದು ಸೀಸನ್‌ನಲ್ಲಿ ಸ್ಯಾಕ್‌ಗಳು ಬೆರಳೆಣಿಕೆಯಷ್ಟೇ ಆಗುವುದರಿಂದ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಡಿದುಕೊಂಡೇ ನಿಂತದ್ದೋ, ಹಿಂದಿನ ಸಾಲಿನವರು ಚೆಂಡು ಹಿಡಿಯಬೇಕಾದ ರಿಸೀವರ್‌ಗಳನ್ನು ಬಿಗಿಯಾಗಿ ಕಾದದ್ದೋ ಒಂದೆರಡು ಬಾರಿ ಅನುಕೂಲವಾದರೆ ಸಾಕು, ಇಡೀ ವರ್ಷದ ಲೆಕ್ಕ ಬೇರೆಯಾಗಿ ಕಾಣುತ್ತದೆ. ಅದರ ಬದಲು ಪ್ರೆಷರ್‌ಗಳನ್ನೂ (ಕ್ವಾರ್ಟರ್‌ಬ್ಯಾಕ್‌ನನ್ನು ಅವಸರಕ್ಕೆ ದೂಡಿದ ಸಂದರ್ಭಗಳು) ಕ್ವಾರ್ಟರ್‌ಬ್ಯಾಕ್ ಮೇಲೆ ಬಿದ್ದ ಹೊಡೆತಗಳನ್ನೂ ನೋಡಬೇಕು; ತನ್ನನ್ನು ತಡೆಯುವವನನ್ನು 2.5 ಸೆಕೆಂಡಿನೊಳಗೆ ಎಷ್ಟು ಸಲ ದಾಟಿದ ಎಂಬ ಗೆಲುವಿನ ಪ್ರಮಾಣವನ್ನೂ ಗಮನಿಸಬೇಕು. ಇವೆಲ್ಲವನ್ನೂ ಆತ ಆಡಿದ ಸ್ನ್ಯಾಪ್‌ಗಳಿಗೆ ಭಾಗಿಸಿ ನೋಡದಿದ್ದರೆ ಕಡಿಮೆ ಆಡಿದವನಿಗೆ ಅನ್ಯಾಯವಾಗುತ್ತದೆ.

ಅಂಕಿಗಳ ನಂತರ ವೀಡಿಯೊ. ಹೆಚ್ಚಿನ ಶ್ರಮ ಇಲ್ಲಿಯೇ ಬೇಕು, ಫಲವೂ ಇಲ್ಲಿಯೇ. ಮೂರು ನಾಲ್ಕು ಪಂದ್ಯಗಳನ್ನು ಆರಿಸಿಕೊಂಡು, ಚೆಂಡನ್ನು ಮರೆತು, ಆ ಒಬ್ಬನ ಮೇಲೆಯೇ ಕಣ್ಣಿಟ್ಟು, ಪ್ರತಿ ಪಾಸ್ (ಚೆಂಡೆಸೆತದ) ಆಟದಲ್ಲಿ ಆತ ಎಲ್ಲಿ ನಿಂತುಹೋದ ಎಂದು ಬರೆದುಕೊಳ್ಳಿ. ಚೆಂಡು ಕದಲಿದ ಕ್ಷಣಕ್ಕೆ ಮೊದಲ ಹೆಜ್ಜೆ ತಡವಾಗಿ ಬೀಳುತ್ತಿದ್ದರೆ ಅದಕ್ಕೆ ಎರಡು ಕಾರಣಗಳಿರಬಹುದು: ಎದುರಾಳಿಯ ಜೋಡಣೆಯನ್ನು ಓದುತ್ತಾ ಅನುಮಾನಿಸುವುದು ಒಂದು, ಕಾಲಿನಲ್ಲಿ ಚುರುಕೇ ಇಲ್ಲದಿರುವುದು ಇನ್ನೊಂದು. ಮೊದಲನೆಯದು ಅನುಭವ ಬಂದಂತೆ ಹೋಗುತ್ತದೆ, ಎರಡನೆಯದು ಬಹುಮಟ್ಟಿಗೆ ಉಳಿಯುತ್ತದೆ. ಮೂರನೇ ಡೌನ್‌ನಲ್ಲಿ (10 ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಪಾಸ್ ಖಚಿತವಾಗಿರುವಾಗಲೂ ಆತ ಉಳಿದವರಿಗಿಂತ ತಡವಾಗಿ ಏಳುತ್ತಿದ್ದರೆ ಕಾಲನ್ನೇ ಸಂಶಯಿಸಬೇಕಾಗುತ್ತದೆ.

ಹೆಚ್ಚಿನ ರೂಕಿಗಳು ಸೋಲುವುದು ಮೊದಲ ಹೆಜ್ಜೆಯಲ್ಲಿ ಅಲ್ಲ, ಮೊದಲ ಪಟ್ಟು ಕೆಲಸ ಮಾಡದೆ ಹೋದ ಮರುಕ್ಷಣದಲ್ಲಿ. ಕಾಲೇಜಿನಲ್ಲಿ ತೋಳ್ಬಲದಿಂದಲೇ ಎದುರಾಳಿಯನ್ನು ಹಿಂದಕ್ಕೆ ತಳ್ಳಿದವನಿಗೆ ಇಲ್ಲಿ ಅಷ್ಟೇ ಭಾರದ, ತನಗಿಂತ ಐದಾರು ವರ್ಷ ಹಿರಿಯನಾದ ಗಾರ್ಡ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನವನು) ಎದುರಾಗುತ್ತಾನೆ. ಬುಲ್ ರಶ್, ಅಂದರೆ ಆ ನೇರ ತಳ್ಳಾಟ, ನಿಂತುಹೋದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತುಬಿಡುತ್ತಾರೆ. ಆಗ ಕೈಗಳನ್ನು ಗಮನಿಸಿ. ಎದುರಾಳಿಯ ಅಂಗೈಗಳು ಇವನ ಎದೆಯ ಮೇಲೆ ನೆಲೆಯೂರಿದ್ದರೆ ಕೈಚಳಕ ಇನ್ನೂ ಬಂದಿಲ್ಲ ಎಂದರ್ಥ. ಎದುರಾಳಿಯ ಮಣಿಕಟ್ಟನ್ನೋ ಮೊಣಕೈಯನ್ನೋ ಹೊಡೆದು ಸರಿಸಿ, ಕೆಳಗಿನಿಂದ ತೋಳು ತೂರಿಸುವ ರಿಪ್ ಅಥವಾ ಮೇಲಿನಿಂದ ತೋಳು ದಾಟಿಸುವ ಸ್ವಿಮ್ ಮಾಡಿ, ಸೊಂಟವನ್ನು ಕ್ವಾರ್ಟರ್‌ಬ್ಯಾಕ್ ಕಡೆಗೆ ತಿರುಗಿಸುವ ಯತ್ನ ವರ್ಷದ ಕೊನೆಯ ಪಂದ್ಯಗಳಲ್ಲಾದರೂ ಕಾಣಿಸಿದರೆ, ಅದು ವಿಫಲವಾಗಿದ್ದರೂ ಅದಕ್ಕೆ ಬೆಲೆ ಕೊಡಿ. ಕೋಚ್ ಕಲಿಸಬಲ್ಲ ವಿದ್ಯೆಗಳಲ್ಲಿ ಮೊದಲ ಪಟ್ಟು ಸೋತಾಗ ಬಳಸುವ ಈ ಎರಡನೇ ಪಟ್ಟಿಗೇ ನಾನು ಮೊದಲ ಸ್ಥಾನ ಕೊಡುತ್ತೇನೆ.

ರನ್ (ಚೆಂಡು ಹಿಡಿದು ಓಡುವ) ಆಟದ ವಿರುದ್ಧ ನೋಡಬೇಕಾದದ್ದು ಸರಳ: ಇಬ್ಬರು ಸೇರಿ ಡಬಲ್ ಟೀಮ್ ಮಾಡಿದಾಗ ಆತ ತನ್ನ ಜಾಗದಲ್ಲಿ ನಿಲ್ಲುತ್ತಾನೆಯೇ, ಅಥವಾ ಭುಜ ಮೇಲೆದ್ದು ಹಿಂದಕ್ಕೆ ಸರಿಯುತ್ತಾನೆಯೇ. ಇಲ್ಲಿ ಸೋಲುವವನಿಗೆ ಮೊದಲ ಎರಡು ಡೌನ್‌ಗಳಲ್ಲಿ ಮೈದಾನ ಸಿಗುವುದಿಲ್ಲ, ಹೀಗಾಗಿ ಪಾಸ್ ರಶ್‌ನಲ್ಲಿ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದರಲ್ಲಿ) ಎಷ್ಟು ನಿಪುಣನಾದರೂ ಅವನ ಅವಕಾಶಗಳು ಕುಗ್ಗುತ್ತವೆ.

ಎರಡನೇ ವರ್ಷದಲ್ಲಿ ಸುಧಾರಣೆ ನಿರೀಕ್ಷಿಸಲು ಒಂದು ಗಟ್ಟಿಯಾದ ಕಾರಣ ಕ್ಯಾಲೆಂಡರ್‌ನಲ್ಲಿಯೇ ಇದೆ. ಕಾಲೇಜು ಸೀಸನ್ ಮುಗಿದ ಕೂಡಲೇ ಆಟಗಾರ ಇಂಡಿಯಾನಾಪೊಲಿಸ್‌ನ ಕಂಬೈನ್‌ಗೆ (ತಂಡಗಳ ಮುಂದೆ ನಡೆಯುವ ದೈಹಿಕ ಪರೀಕ್ಷೆ) ಸಿದ್ಧನಾಗಬೇಕು. 40 ಗಜದ ಓಟಕ್ಕೂ 225 ಪೌಂಡ್ ಬೆಂಚ್ ಪ್ರೆಸ್‌ಗೂ ಮಾಡುವ ಆ ತಾಲೀಮು ಲೈನ್‌ನಲ್ಲಿ ಹೋರಾಡುವ ವಿದ್ಯೆಯನ್ನು ಅಷ್ಟಾಗಿ ಬೆಳೆಸುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು), ಆಮೇಲೆ ಹೊಸ ಊರು, ಹೊಸ ಪ್ಲೇಬುಕ್, ಜುಲೈನಲ್ಲಿ ತರಬೇತಿ ಶಿಬಿರ; ಅನಂತರ 18 ವಾರಗಳಲ್ಲಿ 17 ಪಂದ್ಯ. ಕಾಲೇಜಿನ 12 ಪಂದ್ಯಗಳ ವೇಳಾಪಟ್ಟಿಗೆ ಒಗ್ಗಿದ ದೇಹ ನವೆಂಬರ್ ಹೊತ್ತಿಗೆ ಬಳಲಿದರೆ ಆಶ್ಚರ್ಯವಿಲ್ಲ. ಹಾಗಾಗಿ ಮೊದಲ ಆರು ವಾರಗಳ ಆಟವನ್ನು ಕೊನೆಯ ಆರು ವಾರಗಳ ಜೊತೆ ಹೋಲಿಸಿ. ಕೊನೆಯಲ್ಲಿ ವೇಗ ಮಾತ್ರ ಕುಸಿದು ತಂತ್ರ ಸುಧಾರಿಸಿದ್ದರೆ, ಪೂರ್ಣ ವಿಶ್ರಾಂತಿ ಮತ್ತು ವ್ಯಾಯಾಮ ಸಿಗುವ ಮೊದಲ ಬೇಸಿಗೆ ಆತನಿಗೆ ನಿಜವಾಗಿ ನೆರವಾಗುತ್ತದೆ.

ಆ ಬೇಸಿಗೆಯ ಸುದ್ದಿಗಳನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕು. ಏಪ್ರಿಲ್‌ನಲ್ಲಿ ಆರಂಭವಾಗುವ ಒಂಬತ್ತು ವಾರಗಳ ಕಾರ್ಯಕ್ರಮದಲ್ಲಿ ಮೊದಲ ಎರಡು ವಾರ ಬರಿಯ ವ್ಯಾಯಾಮ ಮತ್ತು ಸಭೆಗಳು. ಮುಂದಿನ ಹಂತಗಳಲ್ಲಿಯೂ ಲೈನ್‌ನವರು ಪೂರ್ಣ ಬಲದಿಂದ ಡಿಕ್ಕಿ ಹೊಡೆಯುವಂತಿಲ್ಲ. ಪ್ಯಾಡ್ ಇಲ್ಲದ ಅಭ್ಯಾಸದಲ್ಲಿ ಯುವ ಲೈನ್‌ಮನ್ ಮಿಂಚಿದ ಎಂಬ ವರದಿಯಿಂದ ಏನೂ ತಿಳಿಯುವುದಿಲ್ಲ, ಆತ ಹಿಂದೆಂದೂ ಇಲ್ಲದಷ್ಟು ಗಟ್ಟಿಮುಟ್ಟಾಗಿದ್ದಾನೆ ಎಂಬ ಮಾತಂತೂ ಪ್ರತಿ ವರ್ಷ ಪ್ರತಿ ತಂಡದಿಂದ ಬರುತ್ತದೆ. ಪ್ಯಾಡ್ ತೊಟ್ಟ ಶಿಬಿರ ಆರಂಭವಾಗುವವರೆಗೆ ಕಾಯುವುದೇ ಲೇಸು.

ಆಟಗಾರನಷ್ಟೇ ಮುಖ್ಯವಾದದ್ದು ಅವನನ್ನು ನಿಲ್ಲಿಸುವ ಜಾಗ. ಗಾರ್ಡ್‌ನ ಹೊರಭುಜದ ಎದುರು ನಿಂತು ಒಂದೇ ಗ್ಯಾಪ್‌ಗೆ (ಎದುರಾಳಿ ಸಾಲಿನ ಇಬ್ಬರ ನಡುವಿನ ಸಂದಿಗೆ) ನುಗ್ಗುವವನಿಗೆ ದೊರೆಯುವ ಅವಕಾಶ, ಎರಡು ಗ್ಯಾಪ್‌ಗಳನ್ನು ಕಾಯಬೇಕಾದವನಿಗೆ ದೊರೆಯುವುದಿಲ್ಲ. ನ್ಯೂಯಾರ್ಕ್ ಜೈಂಟ್ಸ್‌ನ ಡೆಕ್ಸ್‌ಟರ್ ಲಾರೆನ್ಸ್ ಮೊದಲ ಮೂರು ವರ್ಷ 2.5, 4, 2.5 ಸ್ಯಾಕ್ ಗಳಿಸಿದ್ದರು. 2022ರಲ್ಲಿ ಹೊಸ ಕೋಚ್‌ಗಳು ಬಂದು ಅವರನ್ನು ಹೆಚ್ಚಾಗಿ ಎದುರಾಳಿ ಸಾಲಿನ ನಡುವೆ ನಿಲ್ಲುವ ಸೆಂಟರ್‌ನ ನೇರ ಎದುರಿಗೆ ನಿಲ್ಲಿಸಿದ ಮೇಲೆ 7.5 ಆಯಿತು. ಕೋಆರ್ಡಿನೇಟರ್ (ರಕ್ಷಣಾ ವಿಭಾಗದ ಕೋಚ್) ಬದಲಾದರೇ, ಪಕ್ಕದಲ್ಲಿ ಡಬಲ್ ಟೀಮ್ ಸೆಳೆಯುವ ಅನುಭವಿ ಉಳಿದುಕೊಂಡರೇ, ಅದೇ ಜಾಗಕ್ಕೆ ತಂಡ ಮತ್ತೊಬ್ಬನನ್ನು ಡ್ರಾಫ್ಟ್ ಮಾಡಿತೇ ಎಂಬುದನ್ನು ಏಪ್ರಿಲ್‌ನಲ್ಲೇ ಗುರುತು ಮಾಡಿಕೊಳ್ಳಿ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 21ನೇ ವಯಸ್ಸಿನ ರೂಕಿಯ ಮೈಬಲ ಇನ್ನೂ ಬೆಳೆಯಬಹುದು; 24 ದಾಟಿದವನು ತಂತ್ರದಿಂದಲೇ ಮುಂದೆ ಬರಬೇಕು. ಒಳಸಾಲಿನ ಆಟಗಾರರು ನಿಧಾನವಾಗಿ ಪಕ್ವವಾಗುವುದೂ ಉಂಟು: ಬಾಲ್ಟಿಮೋರ್‌ನ ಮಡುಬುಯಿಕೆ 2020ರಿಂದ ಕ್ರಮವಾಗಿ 1, 2, 5.5 ಮತ್ತು 13 ಸ್ಯಾಕ್ ಗಳಿಸಿದರು. ಡ್ರಾಫ್ಟ್ ಆದವರ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಐದನೇ ವರ್ಷ ಬೇಕೇ ಎಂದು ತಂಡಗಳು ನಿರ್ಧರಿಸುವುದು ಮೂರನೇ ಸೀಸನ್ ಮುಗಿದ ಮೇಲೆಯೇ. ತಂಡವೇ ಅಷ್ಟು ಕಾಯುವಾಗ ಎರಡನೇ ವರ್ಷದ ಡಿಸೆಂಬರ್‌ಗೆ ತೀರ್ಪು ಕೊಡುವ ಅವಸರ ಅಭಿಮಾನಿಗೆ ಬೇಡ.

ಹೊಸ ಸೀಸನ್ ಆರಂಭವಾದ ಮೇಲೆ ಮೊದಲ ನಾಲ್ಕು ವಾರ ಮೂರು ಸಂಗತಿಗಳನ್ನು ಬರೆದಿಡಿ: ತಂಡದ ಒಟ್ಟು ಸ್ನ್ಯಾಪ್‌ಗಳಲ್ಲಿ ಆತನ ಪಾಲು, ಮೊದಲ ಡೌನ್‌ನಲ್ಲಿ ಆತನಿಗೆ ಸಿಕ್ಕ ಜಾಗ, ಎರಡನೇ ಪಟ್ಟಿನಿಂದ ಗೆದ್ದ ಸ್ನ್ಯಾಪ್‌ಗಳು. ಮೂರೂ ಏರುತ್ತಿದ್ದು ಸ್ಯಾಕ್ ಮಾತ್ರ ಬರದಿದ್ದರೆ ನಿಮ್ಮ ಅಂದಾಜನ್ನು ಬದಲಿಸಬೇಡಿ. ಸ್ಯಾಕ್ ಬಂದಿದ್ದರೂ ಎರಡನೇ ಪಟ್ಟಿನ ಸಾಲು ಖಾಲಿ ಇದ್ದರೆ, ಆ ಸ್ಯಾಕ್‌ಗಳ ವೀಡಿಯೊವನ್ನು ಮತ್ತೊಮ್ಮೆ ಹಾಕಿ, ಆತನನ್ನು ತಡೆಯಲು ನಿಜವಾಗಿ ಯಾರಾದರೂ ಇದ್ದರೇ ಎಂದು ನೋಡಿ.