ಆಕ್ಸಲಾಟಲ್ ಊಟ ಬಿಟ್ಟರೆ ಮೊದಲು ನೀರು ನೋಡಿ

ಆಕ್ಸಲಾಟಲ್ (ತೊಟ್ಟಿಯಲ್ಲಿ ಸಾಕುವ, ನೀರಲ್ಲೇ ಬಾಳುವ ಬಾಲದ ಉಭಯಚರ) ಬಾಲದ ತುದಿ ಸುರುಳಿ ಮಾಡಿಕೊಂಡಿದೆಯಾ, ಎರೆಹುಳು ಕೊಟ್ಟರೂ ಮುಖ ತಿರುಗಿಸುತ್ತದೆಯಾ? ಔಷಧಿ ಹುಡುಕಬೇಡಿ, ಮೊದಲು ಥರ್ಮಾಮೀಟರ್ ಇಳಿಬಿಡಿ. ಇದಕ್ಕೆ ಬೇಕಾಗಿದ್ದು 16ರಿಂದ 18 ಡಿಗ್ರಿ, ಆದರೆ ನಮ್ಮ ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ತೊಟ್ಟಿ ನೀರು ಸುಮ್ನೆ ಇಟ್ಟರೂ 24 ದಾಟಿಬಿಡುತ್ತದೆ, ಅಲ್ವಾ? ನೀರಿನ ಮೇಲೆ ಫ್ಯಾನ್ ಹಚ್ಚಿದರೆ ಎರಡು-ಮೂರು ಡಿಗ್ರಿ ಇಳಿಯಬಹುದು, ಐಸ್ ಬಾಟಲಿ ಬರೀ ಒಂದು ಹೊತ್ತಿನ ಉಪಾಯ; ಬೇಸಿಗೆ ಪೂರ್ತಿಗೆ ಚಿಲ್ಲರ್ (ತೊಟ್ಟಿ ನೀರು ತಂಪು ಮಾಡುವ ಯಂತ್ರ) ಬೇಕೇ ಬೇಕು.

ಆಮೇಲೆ ಟೆಸ್ಟ್ ಕಿಟ್‌ನಿಂದ ನೀರು ಪರೀಕ್ಷಿಸಿ. ಹೊಲಸಿನಿಂದ ನೀರಲ್ಲಿ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲವಾದರೆ ಅರ್ಧ ನೀರು ಬದಲಿಸಿ, ನಳದ ನೀರಾದರೆ ಮೊದಲು ಕ್ಲೋರಿನ್ ತೆಗೆಯುವ ಡಿಕ್ಲೋರಿನೇಟರ್ ಹಾಕಿ. ಫಿಲ್ಟರ್ ಸ್ಪಂಜನ್ನು ಮಾತ್ರ ನಳದ ಕೆಳಗೆ ತೊಳೆಯಬೇಡಿ, ಅಮೋನಿಯಾ ತೆಗೆಯುವ ಒಳ್ಳೆ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ (ನಾನು ಒಮ್ಮೆ ಹಾಗೆ ಮಾಡಿ ನೀರು ಬದಲಿಸುತ್ತಾ ವಾರವಿಡೀ ಬಕೆಟ್ ಹೊತ್ತೆ).

ನೀರು ಸರಿ ಇದ್ದೂ ಕಿವಿರು ಮುಂದಕ್ಕೆ ಬಾಗಿದ್ದರೆ ಫಿಲ್ಟರ್ ಹರಿವು ಜಾಸ್ತಿಯಾಗಿರಬಹುದು, ಕಡಿಮೆ ಮಾಡಿ ನೋಡಿ. ಯಾವಾಗಲಾದರೂ ಒಮ್ಮೆ ಮೇಲೆ ಬಂದು ಗಾಳಿ ನುಂಗಿದರೆ ಗಾಬರಿ ಬೇಡ.